ಇಸ್ತ್ರಿ, ಉಬ್ಬೆ, ಸ್ಟೀಮರು

ಬಟ್ಟೆಗೆ ಹಬೆ ಕೊಡುವ ಕೆಲಸಕ್ಕೆ ಕನ್ನಡದಲ್ಲಿ ಹಳೆಯ ಪದವೊಂದಿದೆ: ಉಬ್ಬೆ. ‘ಬಟ್ಟೆ ಉಬ್ಬೆಗೆ ಹಾಕಿದ್ದಾರೆ’ ಅಂದರೆ ಅಗಸರ ಮನೆಯಲ್ಲಿ ಬಟ್ಟೆ ಹಬೆಯಲ್ಲಿ ಬೇಯುತ್ತಿದೆ ಎಂದರ್ಥ. ಸವುಳು ಮಣ್ಣು ಕದಡಿದ ನೀರಿನಲ್ಲಿ ಬಟ್ಟೆಗಳನ್ನು ಅದ್ದಿ, ಕುದಿಯುವ ಹಂಡೆಯ ಬಾಯಿಯ ಸುತ್ತ ಪದರಪದರವಾಗಿ ಪೇರಿಸಿ, ಕೆಳಗೆ ಸೌದೆ ಉರಿಸಿ ರಾತ್ರಿಯಿಡೀ ಬಿಡುತ್ತಿದ್ದರು. ಆ ಮಣ್ಣಿನಲ್ಲಿರುವ ಕ್ಷಾರ ಎಣ್ಣೆಜಿಡ್ಡನ್ನು ಕರಗಿಸುತ್ತಿತ್ತು, ಹಬೆ ಅದನ್ನು ನೂಲಿನ ಒಳಕ್ಕೆ ಒಯ್ಯುತ್ತಿತ್ತು. ಬೆಳಗ್ಗೆ ಹೊಳೆಯ ಕಲ್ಲಿನ ಮೇಲೆ ನಾಲ್ಕು ಸೆಳೆತ ಸೆಳೆದರೆ ಬಟ್ಟೆ ಬೆಳ್ಳಗೆ. ಇಡ್ಲಿಯನ್ನೂ ಕಡುಬನ್ನೂ ಹಬೆಯಲ್ಲಿ ಬೇಯಿಸುವ ಜನ ಬಟ್ಟೆಯನ್ನೂ ಹಾಗೆಯೇ ಬೇಯಿಸಿದರು ಎನ್ನುವುದರಲ್ಲಿ ಆಶ್ಚರ್ಯವೇನಿಲ್ಲ.

ಈ ಪದ ನನಗೆ ಮತ್ತೆ ನೆನಪಾದದ್ದು ಕಸುಬಿನ ಕಾರಣಕ್ಕೆ. ಕೈಯಲ್ಲಿ ಹಿಡಿಯುವ ಪುಟ್ಟ ಗಾರ್ಮೆಂಟ್ ಸ್ಟೀಮರೊಂದರ ಬಳಕೆದಾರರ ಕೈಪಿಡಿ ಕನ್ನಡಕ್ಕೆ ಆಗಬೇಕಿತ್ತು. ಅದೇ ವಾರ ಮನೆಗೂ ಅಂಥದ್ದೊಂದು ಕೊಳ್ಳುವ ಮಾತು ನಡೆದಿತ್ತು. ಹಗಲು ಅನುವಾದ, ರಾತ್ರಿ ಶಾಪಿಂಗ್. ಎರಡರಲ್ಲೂ ಒಂದೇ ಪ್ರಶ್ನೆ: ಇದು ಏನು? ಇಸ್ತ್ರಿಯ ತಮ್ಮನೋ, ಬೇರೆಯೇ ಜಾತಿಯ ವಸ್ತುವೋ?

ಸ್ಟೀಮಿಗೆ ಕನ್ನಡದಲ್ಲಿ ಮೂರು ಪದಗಳಿವೆ. ಹಬೆ ಅಡುಗೆಮನೆಯದು. ಆವಿ ಪಠ್ಯಪುಸ್ತಕದ್ದು: ನೀರಾವಿ, ಆವಿಯಾಗುವಿಕೆ. ಉಗಿ ಯಂತ್ರದ್ದು: ಉಗಿಬಂಡಿ, ಉಗಿಹಡಗು. ಯಂತ್ರದ ಕೈಪಿಡಿಗೆ ಉಗಿಯೇ ಸರಿ ಎಂದು ಮೊದಲು ಅನ್ನಿಸಿತು. ಆದರೆ ಕನ್ನಡದಲ್ಲಿ ಉಗಿಯುವುದು ಎಂದರೆ ಉಗುಳುವುದೂ ಹೌದು, ಬೈಯುವುದೂ ಹೌದು. ಅಗ್ಗದ ಸ್ಟೀಮರುಗಳ ಮೇಲೆ ಜನರ ಮುಖ್ಯ ದೂರು ಅವು ಬಿಸಿನೀರು ಉಗುಳುತ್ತವೆ ಎಂಬುದೇ ಆಗಿರುವಾಗ, ‘ಉಗಿ ಉಗಿಯುವ ಉಪಕರಣ’ ಎಂದು ಬರೆದರೆ ತಯಾರಕರ ಮಾನ ಉಳಿಯುತ್ತಿರಲಿಲ್ಲ. ಹಬೆ ಗೆದ್ದಿತು.

ಆದರೆ ಉಬ್ಬೆಗೂ ಸ್ಟೀಮರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಉಬ್ಬೆ ಕೊಳೆಯ ಮೇಲಿನ ಯುದ್ಧ, ಸ್ಟೀಮರು ಸುಕ್ಕಿನ ಮೇಲಿನದು. ನಮ್ಮ ಹಳೆಯ ಬಟ್ಟೆಲೋಕಕ್ಕೆ ಸುಕ್ಕು ಅಷ್ಟು ದೊಡ್ಡ ಶತ್ರುವಾಗಿತ್ತೇ? ಪದಗಳನ್ನು ಕೇಳಿದರೆ ಇಲ್ಲ ಎನ್ನುತ್ತವೆ. ಮಡಿ ಎಂಬ ಒಂದೇ ಶಬ್ದ ಬಟ್ಟೆ ಮಡಚುವುದಕ್ಕೂ, ಒಗೆದ ಬಟ್ಟೆಗೂ, ಮೈಲಿಗೆಯಿಲ್ಲದ ಸ್ಥಿತಿಗೂ ನಿಂತಿದೆ. ಮಡಿ ಮಾಡುವವರು ಮಡಿವಾಳರು. ಹನ್ನೆರಡನೇ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಾಚಿದೇವ ಕಲ್ಯಾಣಕ್ಕೆ ಹೋಗಿ ಶರಣರ ಬಟ್ಟೆ ಮಡಿ ಮಾಡಿದ, ವಚನ ಬರೆದ. ಅದಕ್ಕೂ ಮೊದಲು, ಒಂಬತ್ತನೇ ಶತಮಾನದಲ್ಲಿ, ಸಂಸ್ಕೃತದಲ್ಲಿ ವರ್ಧಮಾನ ಚರಿತ್ರೆ ಬರೆದ ಜೈನಕವಿಯೊಬ್ಬನ ಹೆಸರೇ ಅಸಗ. ಹಳಗನ್ನಡದಲ್ಲಿ ಅಸಗ ಅಂದರೆ ಅಗಸ. ಗ, ಸ ಎರಡೂ ಜಾಗ ಬದಲಿಸಿಕೊಂಡಿವೆ ಅಷ್ಟೆ. (ಎಂಎ ತರಗತಿಯಲ್ಲಿ ವರ್ಣಪಲ್ಲಟಕ್ಕೆ ಕೊಡುವ ಉದಾಹರಣೆಗಳಲ್ಲಿ ಇದು ನನ್ನ ಇಷ್ಟದ್ದು.) ಇಷ್ಟೆಲ್ಲ ಹಳೆಯ ಶಬ್ದಸಂಪತ್ತಿನಲ್ಲಿ ಒಗೆಯುವುದು, ಸೆಳೆಯುವುದು, ಹಿಂಡುವುದು, ಗಂಜಿ ಹಾಕುವುದು, ಮಡಚುವುದು ಎಲ್ಲ ಇವೆ. ಬಿಸಿ ಲೋಹದಿಂದ ಬಟ್ಟೆ ತೀಡುವುದಕ್ಕೆ ಮಾತ್ರ ಮನೆಯ ಪದವೊಂದು ಚಲಾವಣೆಯಲ್ಲಿ ಉಳಿದಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಪಂಚೆ, ಸೀರೆ, ಶಲ್ಯ, ರುಮಾಲು ಇವೆಲ್ಲ ಹೊಲಿಯದ ಬಟ್ಟೆಗಳು. ಅವುಗಳ ಅಂದ ನಿರಿಗೆಯಲ್ಲಿ. ಒದ್ದೆ ಇರುವಾಗಲೇ ಇಬ್ಬರು ಎರಡು ತುದಿ ಹಿಡಿದು ಎಳೆದು ಕೊಡವಿ, ಮಡಚಿ, ಮೇಲೆ ಭಾರ ಇಟ್ಟರೆ ಸಾಕು. ಚಾಪೆಯ ಕೆಳಗೆ ಇಟ್ಟು ಮಲಗಿದವರೂ ಉಂಟು. ತೋಳು, ಕಾಲರು, ಕಫು, ಪ್ಯಾಂಟಿನ ಗೀರು ಬಂದ ಮೇಲೆ ಕಥೆ ಬೇರೆಯಾಯಿತು. ಮೈಯ ಆಕಾರಕ್ಕೆ ಕತ್ತರಿಸಿ ಹೊಲಿದ ಬಟ್ಟೆಯನ್ನು ಎಳೆದು ನೆಟ್ಟಗೆ ಮಾಡಲು ಆಗುವುದಿಲ್ಲ, ಒತ್ತಿಯೇ ಮಾಡಬೇಕು.

ಒತ್ತುವ ಸಾಧನ ಹಡಗಿನಲ್ಲಿ ಬಂತು, ಹೆಸರನ್ನೂ ತಂದಿತು. ಇಸ್ತ್ರಿಯ ಮೂಲ ಪೋರ್ಚುಗೀಸಿನ ‘ಎಸ್ತಿರಾರ್’ ಎಂಬುದು ನಿಘಂಟುಕಾರರಲ್ಲಿ ಹೆಚ್ಚು ಒಪ್ಪಿತವಾದ ವಿವರಣೆ. ಅರ್ಥ, ಎಳೆದು ಚಾಚುವುದು. ಮೇಜು, ಚಾವಿ, ಬಾಲ್ದಿ ಬಂದ ದಾರಿಯೇ ಇದು. ನಾನಿರುವ ಥಾಣೆಯ ವಾಗ್ಳೆ ಎಸ್ಟೇಟಿನ ಗಲ್ಲಿಗಳಲ್ಲಿ ಮರಾಠಿ ಬೋರ್ಡುಗಳ ಮೇಲೂ ‘ಇಸ್ತ್ರೀ’ ಎಂದೇ ಇರುತ್ತದೆ. ಆಗೀಗ ಯಾರೋ ಒಬ್ಬ ಪೇಂಟರ್, ‘ಇಸ್ಕೂಲು’, ‘ಇಸ್ಟೇಷನ್ನು’ ಹಳ್ಳಿಗರ ಉಚ್ಚಾರಣೆಯಾದ್ದರಿಂದ ಇದೂ ಹಾಗೆಯೇ ಇರಬೇಕು ಎಂದು ಮುಂದಿನ ಇ ಅಕ್ಷರವನ್ನು ಕಿತ್ತು ‘ಸ್ತ್ರೀ’ ಎಂದು ಬರೆದುಬಿಡುತ್ತಾನೆ. ತಿದ್ದಲು ಹೋಗಿ ಕೆಡಿಸುವ ಈ ಗುಣಕ್ಕೆ ಭಾಷಾವಿಜ್ಞಾನದಲ್ಲಿ ಅತಿಶುದ್ಧಿ ಅನ್ನುತ್ತಾರೆ. ಈ ಪದದಲ್ಲಿ ಮೊದಲ ಸ್ವರ ಹಳ್ಳಿಗರು ಸೇರಿಸಿದ್ದಲ್ಲ, ಲಿಸ್ಬನ್ನಿನಿಂದಲೇ ಬಂದದ್ದು.

ಪದ ಪೋರ್ಚುಗೀಸಾದರೂ ಕೆಂಡದಿಂದ ಬಟ್ಟೆ ತೀಡುವ ಉಪಾಯ ಯುರೋಪಿನ ಸ್ವತ್ತೇನಲ್ಲ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಹನ್ನೆರಡನೇ ಶತಮಾನದ ಆರಂಭದ ಚೀನೀ ಚಿತ್ರಸುರುಳಿಯೊಂದಿದೆ. ಸಾಂಗ್ ದೊರೆ ಹುಯಿಜೋಂಗ್‌ನ ಹೆಸರಿನಲ್ಲಿರುವ ಆ ಚಿತ್ರ ಇನ್ನೂ ಹಳೆಯ ಚಿತ್ರವೊಂದರ ಪ್ರತಿ. ಅರಮನೆಯ ಹೆಂಗಸರು ಹೊಸ ರೇಷ್ಮೆಯನ್ನು ಬಿಗಿಯಾಗಿ ಹಿಡಿದಿದ್ದಾರೆ, ಒಬ್ಬಾಕೆ ಕೆಂಡ ತುಂಬಿದ ಹಿಡಿಕೆಯ ಬಾಣಲೆಯನ್ನು ಅದರ ಮೇಲೆ ಆಡಿಸುತ್ತಿದ್ದಾಳೆ. ಒಂದು ಪುಟ್ಟ ಹುಡುಗಿ ಬಟ್ಟೆಯ ಕೆಳಗೆ ನುಸುಳಿ ಆಟವಾಡುತ್ತಿದ್ದಾಳೆ. ಹೆಂಗಸರು ಬಟ್ಟೆಯನ್ನು ಎಳೆದು ಹಿಡಿದಿರುವುದನ್ನು ಗಮನಿಸಿ. ಸ್ಟೀಮರು ಹಿಡಿದವರೆಲ್ಲ ಇವತ್ತು ಮಾಡಬೇಕಾದದ್ದೂ ಅದನ್ನೇ: ಒಂದು ಕೈಯಲ್ಲಿ ಹಬೆ, ಇನ್ನೊಂದು ಕೈಯಲ್ಲಿ ಎಳೆತ.

ನಮ್ಮಲ್ಲಿ ಹಿತ್ತಾಳೆಯದೋ ಬೀಡುಕಬ್ಬಿಣದ್ದೋ ಭಾರದ ಪೆಟ್ಟಿಗೆ ಬಂದು ಕೂತಿತು. ಪಲ್ಟಣ್ಣಿನ ಸಮವಸ್ತ್ರ, ಕಚೇರಿಯ ಕೋಟು, ಶಾಲೆಯ ಚಡ್ಡಿ ಅದಕ್ಕೆ ಕೆಲಸ ಕೊಟ್ಟವು. ಹಳ್ಳಿಯ ಆಯಗಾರರ ಪಟ್ಟಿಯಲ್ಲಿ, ಮರಾಠಿಯ ಬಾರಾ ಬಲುತೇದಾರರ ಪಟ್ಟಿಯಲ್ಲಿ, ಅಗಸರಿಗೆ ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ಪ್ರತಿಯಾಗಿ ಊರಿನ ಬಟ್ಟೆ ಒಗೆಯಬೇಕು, ಮದುವೆ ಜಾತ್ರೆಗಳಲ್ಲಿ ನಡೆಮಡಿ ಹಾಸಬೇಕು, ಸೂತಕದ ಬಟ್ಟೆಯನ್ನೂ ಮುಟ್ಟಬೇಕು. ಇಸ್ತ್ರಿ ಈ ಲೆಕ್ಕದ ಹೊರಗೆ ಹುಟ್ಟಿದ ಕೆಲಸ. ಪಟ್ಟಣದಲ್ಲಿ, ನಗದಿಗೆ, ಒಂದೊಂದು ಬಟ್ಟೆಗೆ ಇಷ್ಟೆಂದು. ನನ್ನ ದೃಷ್ಟಿಯಲ್ಲಿ ಇದರ ಇತಿಹಾಸದಲ್ಲಿ ಯಂತ್ರಕ್ಕಿಂತ ಮುಖ್ಯವಾದದ್ದು ಈ ಬದಲಾವಣೆಯೇ. ಕೆಂಡದ ಪೆಟ್ಟಿಗೆ ಮತ್ತು ನಾಲ್ಕು ಚಕ್ರದ ಗಾಡಿ ಇದ್ದವನಿಗೆ ಸುಗ್ಗಿಯ ಕಾಳಿಗಾಗಿ ಗೌಡರ ಅಂಗಳದಲ್ಲಿ ನಿಲ್ಲುವ ಗತಿ ತಪ್ಪಿತು. ಜಾತಿ ಬೆನ್ನು ಬಿಡಲಿಲ್ಲ, ಆದರೆ ದರ ಅವನ ಬಾಯಿಂದ ಬಂತು.

ವಿದ್ಯುತ್ತಿನ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರಲ್ಲಿ ಪೇಟೆಂಟ್ ಪಡೆದ. ಆಗ ಮನೆಗಳಲ್ಲಿ ಕರೆಂಟೇ ಇರಲಿಲ್ಲ ಎನ್ನಬೇಕು. ಅದಕ್ಕಿಂತ ಚೆಂದದ ಕಥೆ ಕ್ಯಾಲಿಫೋರ್ನಿಯದ ಅರ್ಲ್ ರಿಚರ್ಡ್‌ಸನ್ನನದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವನು ಆಂಟೇರಿಯೊ ಎಂಬ ಊರಿನ ವಿದ್ಯುತ್ ಕಂಪನಿಯಲ್ಲಿ ಮೀಟರ್ ನೋಡುವವ. ವಿದ್ಯುತ್ತೆಂದರೆ ದೀಪಕ್ಕೆ, ದೀಪವೆಂದರೆ ರಾತ್ರಿಗೆ, ಆದ್ದರಿಂದ ಹಗಲು ಯಂತ್ರ ಬಂದ್. ಅವನು ಗೃಹಿಣಿಯರಿಗೆ ತನ್ನ ಹಗುರ ಇಸ್ತ್ರಿ ಕೊಟ್ಟು ನೋಡಿದ, ಬಳಿಕ ಇಸ್ತ್ರಿಯ ದಿನವಾದ ಮಂಗಳವಾರ ಹಗಲೂ ಕರೆಂಟು ಬಿಡುವಂತೆ ಕಂಪನಿಯನ್ನು ಒಪ್ಪಿಸಿದ. ಅವನ ಇಸ್ತ್ರಿಯೇ ಮುಂದೆ ಹಾಟ್‌ಪಾಯಿಂಟ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 1926ರಲ್ಲಿ ನ್ಯೂಯಾರ್ಕಿನ ಎಲ್ಡೆಕ್ ಕಂಪನಿ ಹಬೆ ಬಿಡುವ ಇಸ್ತ್ರಿಯನ್ನು ಮಾರುಕಟ್ಟೆಗೆ ತಂದಿತು. ಇಸ್ತ್ರಿಯ ತಟ್ಟೆಯೇ ಇಲ್ಲದ, ಬರಿ ಹಬೆಯ ಸ್ಟೀಮರು ಮಾತ್ರ ಬೇರೆ ಮನೆತನದ್ದು. 1940ರಲ್ಲಿ ಟೆನೆಸಿಯಲ್ಲಿ ಶುರುವಾದ ಜಿಫಿ ಕಂಪನಿ ಅದನ್ನು ಮಾಡಿದ್ದು ಟೋಪಿ ತಯಾರಿಸುವವರಿಗೆ. ಟೋಪಿಯನ್ನು ಒತ್ತುವ ಹಾಗಿಲ್ಲ, ಮೆತ್ತಗೆ ಮಾಡಿ ಆಕಾರ ಕೊಡಬೇಕು. ಅಲ್ಲಿಂದ ಅದು ಬಟ್ಟೆ ಅಂಗಡಿಗಳ ಹ್ಯಾಂಗರುಗಳಿಗೆ ಬಂತು, ಕೊನೆಗೆ ನಮ್ಮ ಬೆಡ್‌ರೂಮಿಗೆ. ಹುಟ್ಟುಗುಣ ಹಾಗೇ ಉಳಿದಿದೆ: ಸ್ಟೀಮರು ಮೆತ್ತಗೆ ಮಾಡುತ್ತದೆ, ಒತ್ತುವುದಿಲ್ಲ.

ವಾಗ್ಳೆ ಎಸ್ಟೇಟಿನ ಮಾತು ಬಂದ ಮೇಲೆ ಇದನ್ನೂ ಹೇಳಬೇಕು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಹುಟ್ಟಿದಾಗ ಅದರ ಮೊದಲ ಕೈಗಾರಿಕಾ ವಸಾಹತು ಇದೇ. ಹತ್ತಿರದ ಪೊಖರಣ್ ರಸ್ತೆಯಲ್ಲಿ 1925ರಿಂದ ಉಣ್ಣೆ ಗಿರಣಿ ಇತ್ತು, 1944ರಲ್ಲಿ ಸಿಂಘಾನಿಯಾ ಮನೆತನದ ಕೈಗೆ ಬಂದ ರೇಮಂಡ್. ಉಣ್ಣೆ ಬಟ್ಟೆಗೆ ಕೊನೆಯ ಮೆರುಗು ಬರುವುದೇ ಹಬೆಯಿಂದ. ಇನ್ನೊಂದು ಕಡೆ, 1960ರ ದಶಕದಲ್ಲಿ ಥಾಣೆಯಲ್ಲೇ ಟೆರೀನ್ ಎಂಬ ಪಾಲಿಯೆಸ್ಟರ್ ನೂಲು ತಯಾರಾಗತೊಡಗಿತು. ನಮ್ಮ ತಂದೆಯ ಕಾಲದವರ ಟೆರಿಕಾಟ್ ಷರಟು ನೆನಪಿದೆಯಲ್ಲ? ಒಗೆದು, ಹ್ಯಾಂಗರಿಗೆ ಹಾಕಿ, ಬೆಳಗ್ಗೆ ತೊಟ್ಟು ಲೋಕಲ್ ಹತ್ತುವುದು. ಇಸ್ತ್ರಿಯ ಕಾಲ ಮುಗಿಯಿತು ಎಂದು ಅಂದು ಅನ್ನಿಸಿರಲು ಸಾಕು. ಮುಗಿಯಲಿಲ್ಲ. ಬೆವರಿಗೆ ಸೋತು ಜನ ಹತ್ತಿಗೆ, ಲಿನನ್ನಿಗೆ, ವಿಸ್ಕೋಸಿಗೆ ಮರಳಿದರು. ಸುಕ್ಕೂ ಜೊತೆಗೇ ಮರಳಿತು.

ಈಗ ಕೊಳ್ಳುವ ವಿಷಯ. ಹತ್ತಿಯ ಎಳೆ ಸೆಲ್ಯುಲೋಸು. ಅದರ ಸರಪಳಿಗಳು ಪರಸ್ಪರ ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತವೆ. ಮುದುರಿದಾಗ ಆ ಬಂಧಗಳು ಮುದುರಿದ ಜಾಗದಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ, ಅದೇ ಸುಕ್ಕು. ನೀರು ನಡುವೆ ತೂರಿ ಬಂಧ ಸಡಿಲಿಸುತ್ತದೆ, ಶಾಖ ಸರಪಳಿಗಳನ್ನು ಅಲುಗಿಸುತ್ತದೆ, ಭಾರ ಅವನ್ನು ಸಾಲಾಗಿ ಕೂರಿಸುತ್ತದೆ. ನೀರು, ಶಾಖ, ಭಾರ, ಮೂರೂ ಬೇಕು. ಕೆಂಡದ ಪೆಟ್ಟಿಗೆಯಲ್ಲಿ ಮೂರನೆಯದು ಧಾರಾಳ, ಸ್ಟೀಮರಿನಲ್ಲಿ ಅದು ಸೊನ್ನೆ. ಆದ್ದರಿಂದ ಪ್ಯಾಂಟಿನ ಗೀರು, ಕಾಲರಿನ ಖಡಕ್ಕು, ದಪ್ಪ ಖಾದಿ ಇವು ಬೇಕಾದವರು ಸ್ಟೀಮರು ಕೊಂಡು ನಿರಾಶರಾಗುವುದು ಖಂಡಿತ. ಗಂಜಿ ಹಾಕಿದ ಸೀರೆಗೆ ಹಬೆ ಹಿಡಿದರೆ ಗಂಜಿಯೂ ಮೆತ್ತಗಾಗುತ್ತದೆ. ಉಣ್ಣೆಯ ಕೋಟು, ಪಾಲಿಯೆಸ್ಟರ್ ಕುರ್ತಾ, ಜಾರ್ಜೆಟ್, ಕಸೂತಿ ಇರುವ ರವಿಕೆ, ಪರದೆ ಇವಕ್ಕೆ ಮಾತ್ರ ಇಸ್ತ್ರಿಗಿಂತ ಸ್ಟೀಮರೇ ವಾಸಿ. ರೇಷ್ಮೆಗೆ ಹಬೆ ಸರಿ, ನೀರಿನ ಹನಿ ಬೇಡ, ಕಲೆ ಉಳಿಯುತ್ತದೆ. ಒಳಮಗ್ಗುಲಿಗೆ, ದೂರದಿಂದ ಹಿಡಿಯಿರಿ.

ಜಾಹೀರಾತಿನ ಅಂಕಿಗಳನ್ನು ಜರಡಿ ಹಿಡಿಯಲು ಒಂದು ಸುಲಭ ಲೆಕ್ಕ ಇದೆ. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 293 ಜೂಲ್ ಸಾಕು. ಅದನ್ನು ಹಬೆ ಮಾಡಲು ಮತ್ತೆ 2257 ಜೂಲ್ ಬೇಕು. ಒಟ್ಟು 2550. ಅಂದರೆ 1000 ವ್ಯಾಟಿನ ಸ್ಟೀಮರು ನಿಮಿಷಕ್ಕೆ ಹೆಚ್ಚೆಂದರೆ 23.5 ಗ್ರಾಂ ಹಬೆ ಕೊಡಬಲ್ಲದು, 1500 ವ್ಯಾಟಿನದು 35 ಗ್ರಾಂ. ಡಬ್ಬಿಯ ಮೇಲೆ ಇದಕ್ಕಿಂತ ಹೆಚ್ಚು ಬರೆದಿದ್ದರೆ ಅದು ನಿರಂತರ ಹಬೆಯ ಲೆಕ್ಕವಲ್ಲ, ಅಥವಾ ಮಿಕ್ಕದ್ದು ನೀರಾಗಿಯೇ ನಿಮ್ಮ ಅಂಗಿಯ ಮೇಲೆ ಬೀಳುತ್ತದೆ. ಟ್ಯಾಂಕಿನ ಲೆಕ್ಕವೂ ಇದರೊಳಗೇ ಇದೆ: ನಿಮಿಷಕ್ಕೆ 20 ಗ್ರಾಂ ಬಿಡುವ ಸ್ಟೀಮರಿನಲ್ಲಿ 200 ಮಿಲಿಲೀಟರ್ ನೀರು ಹತ್ತು ನಿಮಿಷ ಬರುತ್ತದೆ. ದೊಡ್ಡ ಟ್ಯಾಂಕು ಹೆಚ್ಚು ಹೊತ್ತು ಬರುತ್ತದೆ ನಿಜ, ಆ ನೀರಿನ ತೂಕವನ್ನು ಎತ್ತಿ ಹಿಡಿಯಬೇಕಾದ ಕೈ ನಿಮ್ಮದೇ. ಹಬೆಯಾಗಲು ನುಂಗಿದ ಆ 2257 ಜೂಲನ್ನು ಹಬೆ ಬಟ್ಟೆಯ ಮೇಲೆ ನೀರಾದ ಕ್ಷಣ ವಾಪಸ್ಸು ಕೊಡುತ್ತದೆ. ಬಟ್ಟೆ ಅಷ್ಟು ಬೇಗ ಬಿಸಿಯಾಗುವುದೂ, ಬೆರಳು ಅಷ್ಟು ಕೆಟ್ಟದಾಗಿ ಸುಡುವುದೂ ಅದರಿಂದಲೇ. ಮೈಮೇಲಿರುವ ಬಟ್ಟೆಗೆ ಸ್ಟೀಮರು ಹಿಡಿಯುವುದಂತೂ ಬೇಡವೇ ಬೇಡ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ನಮ್ಮ ಸಣ್ಣ ಪ್ಲಗ್ಗಿನ ಸಾಕೆಟ್ 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್. ಅದಕ್ಕಿಂತ ಮೇಲಿನ ಸ್ಟೀಮರಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು. ಹಳೆಯ ಮನೆಗಳಲ್ಲಿ ಅದು ಸಾಮಾನ್ಯವಾಗಿ ಇರುವುದು ಬಚ್ಚಲಿನ ಗೀಸರಿಗೆ, ಅಡುಗೆಮನೆಯ ಫ್ರಿಜ್ಜಿಗೆ. ಬಾಡಿಗೆ ಮನೆಯವರು ಮೊದಲು ಗೋಡೆ ನೋಡಿ, ಆಮೇಲೆ ಸ್ಟೀಮರು ನೋಡಿ. ನೀರಿನ ವಿಷಯದಲ್ಲಿ ಮುಂಬಯಿ ಥಾಣೆಯವರು ಪುಣ್ಯವಂತರು, ಸಹ್ಯಾದ್ರಿಯ ಮಳೆನೀರು ಮೆದು. ಬೋರ್‌ವೆಲ್ ನೀರಿನ ವಿಜಯಪುರ, ಕಲಬುರಗಿಯ ಓದುಗರು, ಬೆಂಗಳೂರಿನ ಹೊರವಲಯದವರು ಶುದ್ಧೀಕರಿಸಿದ ನೀರನ್ನೇ ಹಾಕಿ. ಇಲ್ಲವಾದರೆ ಸುಣ್ಣ ಕಟ್ಟಿ ಕೆಲವೇ ತಿಂಗಳಲ್ಲಿ ಅದು ಉಗುಳಲು ಶುರು ಮಾಡುತ್ತದೆ.

ಲೆಕ್ಕದಲ್ಲಿ ಒಂದು ಬಾಕಿ ಇದೆ. ನಮ್ಮ ಗಲ್ಲಿಯಲ್ಲಿ ಒಂದು ಅಂಗಿಯ ಇಸ್ತ್ರಿಗೆ 10 ರೂಪಾಯಿ. 2000 ರೂಪಾಯಿಯ ಸ್ಟೀಮರೆಂದರೆ ಅವನಿಗೆ ಹೋಗಬಹುದಾಗಿದ್ದ 200 ಅಂಗಿ. ಅವನು ಉತ್ತರಪ್ರದೇಶದವನು, ಬೆಳಗ್ಗೆ ಎಂಟಕ್ಕೆ ಇದ್ದಿಲು ಊದಿ, ರಾತ್ರಿ ಒಂಬತ್ತರವರೆಗೂ ನಿಂತೇ ಇರುತ್ತಾನೆ. ಇದ್ದಿಲಿನ ಹೊಗೆ ಎಲ್ಲರಿಗಿಂತ ಮೊದಲು ಹೋಗುವುದು ಅವನ ಎದೆಗೆ. 2021ರಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಮಾತಾಡಿದ ತಿರುವಣ್ಣಾಮಲೈನ ವಿನಿಶಾ ಉಮಾಶಂಕರ್ ಎಂಬ ಹುಡುಗಿ ಇಂಥವರಿಗಾಗಿಯೇ ಸೌರಶಕ್ತಿಯ ಇಸ್ತ್ರಿಗಾಡಿಯನ್ನು ರೂಪಿಸಿದವಳು. ಬೆಂಗಳೂರಿನಲ್ಲಿ ಕೆಲವರು ಗ್ಯಾಸಿನ ಪೆಟ್ಟಿಗೆಗೆ ಬದಲಾಗಿದ್ದಾರೆ. ನಮ್ಮವನನ್ನು ಕೇಳಿದೆ, ಸ್ಟೀಮರು ಬಂದರೆ ಗಿರಾಕಿ ಕಡಿಮೆಯಾಗುವುದಿಲ್ಲವಾ ಭಾಯ್? ಅವನು ನನ್ನ ಗಂಜಿ ಹಾಕಿದ ಸೀರೆಯನ್ನು ಬಿಡಿಸಿ, ನೀರು ಚಿಮುಕಿಸಿ, ಏಳು ಕಿಲೋ ತೂಗುವ ಪೆಟ್ಟಿಗೆಯನ್ನು ಅಂಚಿನ ಮೇಲೆ ಇಳಿಸುತ್ತ ಅಂದ: ‘ಪಾರ್ಟಿಯ ಡ್ರೆಸ್ಸು ಕಡಿಮೆಯಾಗಿದೆ ದೀದಿ. ಕಾಟನ್ನು ಎಲ್ಲಿ ಹೋಗುತ್ತೆ?’

ಕೊನೆಗೆ ನಾವು ಕೊಂಡದ್ದು 1200 ವ್ಯಾಟಿನದು, ಸಣ್ಣ ಪ್ಲಗ್ಗಿನದು. ಹಬ್ಬದ ರವಿಕೆಗಳು, ಕುರ್ತಾಗಳು, ಕಿಟಕಿಯ ಪರದೆಗಳು ಅದರ ಪಾಲು. ಹತ್ತಿಯ ಸೀರೆ, ಪ್ಯಾಂಟು, ಅಂಗಿ ಗಲ್ಲಿಯ ಗಾಡಿಗೆ. ಕೈಪಿಡಿಯ ಅನುವಾದವೂ ಹೋಯಿತು. ವಸ್ತುವಿನ ಹೆಸರಿಗೆ ‘ಬಟ್ಟೆಯ ಸ್ಟೀಮರ್’ ಎಂದೇ ಬರೆದೆ, ಒಳಗಿನ ವಾಕ್ಯಗಳಲ್ಲೆಲ್ಲ ಹಬೆ. ಉಬ್ಬೆ ಎಂದು ಬರೆಯುವ ಆಸೆ ಎರಡು ದಿನ ಕಾಡಿತ್ತು. ಆದರೆ ಆ ಪದ ಗೊತ್ತಿರುವ ಯಾರಾದರೂ ಕೈಪಿಡಿ ಓದಿ ಕೊಳೆ ಬಟ್ಟೆಯನ್ನು ಅದಕ್ಕೆ ಹಿಡಿದರೆ, ಕಲೆ ಹೋಗುವ ಬದಲು ಶಾಖಕ್ಕೆ ಕಚ್ಚಿಕೊಂಡು ಕೂರುತ್ತದೆ.