ಸೇವಾ ಸ್ಕ್ರಿಪ್ಟ್‌ಗಳು

ವೆಬ್ ಸರ್ವರ್, ಮೇಲ್, ಪ್ರಿಂಟರ್, ಡೇಟಾಬೇಸ್‌ನಂತೆ ತೆರೆಮರೆಯಲ್ಲಿ ದುಡಿಯುವ ಸೇವೆಗಳನ್ನು ಚಾಲೂ ಮಾಡಲು, ನಿಲ್ಲಿಸಲು ಬರೆಯುವ ಶೆಲ್ ಆದೇಶಗಳ ಕಡತಗಳು. ಯುನಿಕ್ಸ್‌ನ ಆರಂಭದ ದಿನಗಳಲ್ಲಿ ಇದಕ್ಕೆಲ್ಲ ‘ಆರ್‌ಸಿ’ ಎಂಬ ಒಂದೇ ಕಡತವಿತ್ತು. ಕರ್ನಲ್ ಎದ್ದೊಡನೆ ‘ಇನಿಟ್’ ಎಂಬ ಮೊದಲ ಪ್ರೊಸೆಸ್ ಹುಟ್ಟುತ್ತಿತ್ತು, ಅದು ಈ ಕಡತವನ್ನು ಶೆಲ್‌ಗೆ ಒಪ್ಪಿಸುತ್ತಿತ್ತು. ಶುರುಮಾಡುವುದು ಸಲೀಸು. ಒಂದೇ ಸೇವೆಯನ್ನು ನಿಲ್ಲಿಸಬೇಕೆಂದರೆ ಮಾತ್ರ ಅದರ ಪ್ರೊಸೆಸ್ ಸಂಖ್ಯೆಯನ್ನು ಹುಡುಕಿ ಕೊಲ್ಲಬೇಕಿತ್ತು.

1979ರ ಬೋರ್ನ್ ಶೆಲ್ ‘ಕೇಸ್’ ಎಂಬ ಕವಲು ವಾಕ್ಯವನ್ನು ತಂದಿತು. 1983ರಲ್ಲಿ ಆರಂಭವಾದ ಎಟಿ ಅಂಡ್ ಟಿ ಕಂಪನಿಯ ಸಿಸ್ಟಮ್ ಫೈವ್ ಸರಣಿಯಲ್ಲಿ ಪ್ರತಿ ಸೇವೆಗೂ ತನ್ನದೇ ಸ್ಕ್ರಿಪ್ಟ್ ಬಂತು: ‘ಸ್ಟಾರ್ಟ್’ ಎಂದರೆ ಒಂದು ಕವಲು, ‘ಸ್ಟಾಪ್’ ಎಂದರೆ ಇನ್ನೊಂದು. ಯಂತ್ರದ ಪ್ರತಿ ಕಾರ್ಯಸ್ಥಿತಿಗೆ, ಅಂದರೆ ‘ರನ್‌ಲೆವೆಲ್’ಗೆ, ಒಂದು ಡೈರೆಕ್ಟರಿ; ಅದರಲ್ಲಿ ‘ಎಸ್’ ಅಕ್ಷರದಿಂದ ಶುರುವಾಗುವ ಕೊಂಡಿಗಳು ಸೇವೆಯನ್ನು ಎಬ್ಬಿಸುತ್ತವೆ, ‘ಕೆ’ಯವು ನಿಲ್ಲಿಸುತ್ತವೆ, ಪಕ್ಕದ ಅಂಕಿ ಸರದಿಯನ್ನು ಹೇಳುತ್ತದೆ. ಹೊಸ ತಂತ್ರಾಂಶ ಬಂದರೆ ಹಳೆಯದನ್ನು ಮುಟ್ಟದೆ ತನ್ನ ಕಡತವನ್ನಷ್ಟೇ ಇಟ್ಟು ಹೋಗಬಹುದಾಯಿತು. ಈ ಪದ್ಧತಿಯ ದೊಡ್ಡ ಗೆಲುವು ಇದೇ.

ಮಿಕೆಲ್ ವಾನ್ ಸ್ಮೋರೆನ್‌ಬರ್ಗ್ ಬರೆದ ‘ಸಿಸ್‌ವಿಇನಿಟ್’ ಮೂಲಕ ಅದು ಲಿನಕ್ಸ್‌ಗೂ ಬಂತು. ಕರ್ನಾಟಕದಲ್ಲಿ ಲಿನಕ್ಸ್ ಬಳಗ ಬೆಳೆದದ್ದು ಬೆಂಗಳೂರಿನಲ್ಲಿ. ಅತುಲ್ ಚಿಟ್ನಿಸ್ ಮತ್ತು ಜೊತೆಗಾರರು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಆರಂಭಿಸಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಆಯಿತು. ಆ ಕಾಲದ ಕಲಿಕೆಗೆ ಈ ಸ್ಕ್ರಿಪ್ಟ್‌ಗಳು ಒಳ್ಳೆಯ ಪಠ್ಯವಾಗಿದ್ದವು. ಬರಿ ಅಕ್ಷರಗಳ ಕಡತವಾದ್ದರಿಂದ ಯಾರು ಬೇಕಾದರೂ ತೆರೆದು ಓದಿ, ತಿದ್ದಿ, ಯಂತ್ರ ಹೇಗೆ ಏಳುತ್ತದೆಂದು ಸಾಲು ಸಾಲಾಗಿ ಅರಿಯಬಹುದಿತ್ತು.

ದೌರ್ಬಲ್ಯವೂ ದೊಡ್ಡದೇ. ಎಷ್ಟೋ ಸೇವೆಗಳು ತಮ್ಮ ಪ್ರೊಸೆಸ್ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುತ್ತಿದ್ದವು. ಸೇವೆ ತಾನಾಗಿ ಸತ್ತರೂ ಆ ಕಡತ ಉಳಿಯುತ್ತದೆ. ಅದೇ ಸಂಖ್ಯೆ ಮುಂದೆ ಬೇರೊಂದು ಪ್ರೊಸೆಸ್‌ಗೆ ಸಿಕ್ಕಿದ್ದರೆ ‘ಸ್ಟಾಪ್’ ಆದೇಶ ನಿರಪರಾಧಿಯನ್ನು ಕೊಲ್ಲಬಹುದು. ಸತ್ತ ಸೇವೆಯನ್ನು ಮತ್ತೆ ಎಬ್ಬಿಸುವವರೂ ಇರಲಿಲ್ಲ. ಡೇನಿಯಲ್ ಬರ್ನ್‌ಸ್ಟೈನ್ ಅವರ ‘ಡೀಮನ್‌ಟೂಲ್ಸ್’ ಇದಕ್ಕೆ ಸರಿಯಾದ ಉತ್ತರ ಕೊಟ್ಟಿತು: ಸೇವೆಯನ್ನು ಹೆತ್ತ ಪ್ರೊಸೆಸ್ಸೇ ಕಾವಲಿಗೂ ನಿಲ್ಲಲಿ. 2005ರಲ್ಲಿ ಸೊಲಾರಿಸ್ 10 ಮತ್ತು ಆಪಲ್‌ನ ‘ಲಾಂಚ್‌ಡಿ’, 2006ರಲ್ಲಿ ಉಬುಂಟುವಿನ ‘ಅಪ್‌ಸ್ಟಾರ್ಟ್’ ಹಳೆಯ ಪದ್ಧತಿಯಿಂದ ದೂರ ಸರಿದವು.

2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ‘ಸಿಸ್ಟಮ್‌ಡಿ’ ತಂದರು. ಇದರಲ್ಲಿ ಸ್ಕ್ರಿಪ್ಟ್ ಇಲ್ಲ. ಏನು ಬೇಕೆಂದು ಹೇಳುವ ಪುಟ್ಟ ವಿವರಣಾ ಕಡತವಿದೆ. ಸೇವೆಯ ಮರಿ ಪ್ರೊಸೆಸ್‌ಗಳನ್ನೆಲ್ಲ ಕರ್ನಲ್‌ನ ಗುಂಪು ವ್ಯವಸ್ಥೆಯೇ ಲೆಕ್ಕವಿಡುವುದರಿಂದ ನಿಲ್ಲಿಸುವಾಗ ಗುರಿ ತಪ್ಪುವುದಿಲ್ಲ. ಡೆಬಿಯನ್‌ನಲ್ಲಿ ಇದರ ಬಗ್ಗೆ ಕಟುವಾದ ಚರ್ಚೆ ನಡೆದು, ಒಪ್ಪದವರು ‘ದೇವುವಾನ್’ ಎಂಬ ಕವಲು ತೆಗೆದರು. 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಇದನ್ನು ಒಪ್ಪಿಕೊಂಡವು. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿಗಳು ಮಾತ್ರ ಇಂದಿಗೂ ಶೆಲ್ ಸ್ಕ್ರಿಪ್ಟ್‌ಗಳಿಂದಲೇ ಏಳುತ್ತವೆ.