ಮಿಯಾದಿನಿಂದ ಕಾಲಪರಿಮಿತಿಗೆ: ಬೀದರ ಸೀಮೆಯ ದಾವೆಗಳು ಮತ್ತು ಕಾನೂನಿನ ಗಡುವು

ಹಕ್ಕುಳ್ಳವನು ಅದನ್ನು ಗೊತ್ತಾದ ಅವಧಿಯೊಳಗೆ ನ್ಯಾಯಾಲಯದ ಮುಂದೆ ತರಬೇಕು, ತರದಿದ್ದರೆ ದಾವೆ ನಿಲ್ಲದು ಎಂಬುದು ಕಾಲಪರಿಮಿತಿ ಕಾನೂನಿನ ತಿರುಳು. ಉರ್ದು ನ್ಯಾಯಾಲಯ ಪರಿಭಾಷೆಯಲ್ಲಿ ಈ ಅವಧಿಗೆ ‘ಮಿಯಾದ್’ ಎಂದು ಹೆಸರು. ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ, ಭಾಲ್ಕಿ, ಹುಮನಾಬಾದ ಮತ್ತು ಸಂತಪುರ (ಔರಾದ) ತಾಲ್ಲೂಕುಗಳಲ್ಲಿ 1951ರಿಂದ 1964ರೊಳಗೆ ಈ ಕಾನೂನು ಎರಡು ಬಾರಿ ಬದಲಾಯಿತು. ನಡುವೆ ರಾಜ್ಯವೂ ಉಚ್ಚ ನ್ಯಾಯಾಲಯವೂ ಬದಲಾದವು. ಇದೇ ಕಾಲವು 1948ರ ಕ್ಷೋಭೆಯಲ್ಲಿ ಮನೆ, ಹೊಲ ಕಳೆದುಕೊಂಡವರು ನ್ಯಾಯಾಲಯದ ಮೆಟ್ಟಿಲೇರಬೇಕಾಗಿದ್ದ ಕಾಲವೂ ಆಗಿತ್ತು. ಆದುದರಿಂದ ಈ ಸೀಮೆಯ ಮಟ್ಟಿಗೆ ಕಾಲಪರಿಮಿತಿಯನ್ನು ಬರಿಯ ಕಾರ್ಯವಿಧಾನದ ವಿಷಯವೆಂದು ಬದಿಗಿಡಲಾಗದು.

ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ 1859, 1871, 1877 ಮತ್ತು 1908ರ ಅಧಿನಿಯಮಗಳು ಒಂದರ ನಂತರ ಒಂದರಂತೆ ಜಾರಿಗೆ ಬಂದವು. ಸಂಸ್ಥಾನದ ಪ್ರಜೆಗಳಿಗೆ ಅವು ಅನ್ವಯಿಸುತ್ತಿರಲಿಲ್ಲ. ಅವರಿಗೆ ಅನ್ವಯಿಸಿದ್ದು ಫಸಲಿ 1322ರ, ಅಂದರೆ 1912-13ರ, 2ನೆಯ ಕಾಯಿದೆಯಾದ ಹೈದರಾಬಾದ್ ಕಾಲಪರಿಮಿತಿ ಅಧಿನಿಯಮ. ಸಂಸ್ಥಾನದ ದಫ್ತರಗಳ ಭಾಷೆ ಉರ್ದು. ತೇದಿಗಳು ಆಜೂರ್, ದೈ, ಬಹಮನ್ ಮೊದಲಾದ ಫಸಲಿ ಮಾಸಗಳಲ್ಲಿ ಬರೆಯಲ್ಪಡುತ್ತಿದ್ದವು. ಕನ್ನಡ ಮತ್ತು ಮರಾಠಿ ಮಾತನಾಡುವ ಸಂತಪುರ, ಭಾಲ್ಕಿ ಕಡೆಯ ರೈತನು ತನ್ನ ದಾವೆಯ ಗಡುವನ್ನು ವಕೀಲನ ಮೂಲಕವಲ್ಲದೆ ತಿಳಿಯುವುದು ಕಷ್ಟವಾಗಿತ್ತು.

1948ರ ಪೂರ್ವಾರ್ಧದಲ್ಲಿ ರಜಾಕಾರರ ಹಾವಳಿಗೆ ಅಂಜಿ ಅನೇಕ ಕುಟುಂಬಗಳು ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದವು. ಸೆಪ್ಟೆಂಬರ್ ತಿಂಗಳ ಪೊಲೀಸ್ ಕಾರ್ಯಾಚರಣೆಯ ತರುವಾಯ ಮುಸ್ಲಿಂ ಕುಟುಂಬಗಳ ಮೇಲೆ ದಾಳಿಗಳು ನಡೆದವು. ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ಹಾನಿಗೊಳಗಾದುವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡಗಳೊಡನೆ ಬೀದರವೂ ಸೇರಿತ್ತು. ಹೀಗೆ ಎರಡೂ ಸಮುದಾಯಗಳಲ್ಲಿ ಊರು ಬಿಟ್ಟವರಿದ್ದರು.

ಇವರ ಕಾಲ ಎಣಿಕೆಯಾಗುತ್ತಿದ್ದಾಗಲೇ ಕಾನೂನು ಬದಲಾಯಿತು. 1951ರ ‘ಬಿ’ ಭಾಗದ ರಾಜ್ಯಗಳ (ಕಾನೂನುಗಳು) ಅಧಿನಿಯಮವು ಅದೇ ವರ್ಷದ ಏಪ್ರಿಲ್ 1ರಿಂದ 1908ರ ಭಾರತೀಯ ಕಾಲಪರಿಮಿತಿ ಅಧಿನಿಯಮವನ್ನು ಹೈದರಾಬಾದ್ ರಾಜ್ಯಕ್ಕೆ ವಿಸ್ತರಿಸಿತು. ಹೊಸ ಅವಧಿಯು ಹಳೆಯದಕ್ಕಿಂತ ಕಡಿಮೆಯಾಗಿದ್ದರೆ ಎರಡು ವರ್ಷ, ಇಲ್ಲವೆ ಹಳೆಯ ಅವಧಿಯ ಉಳಿಕೆ, ಇವುಗಳಲ್ಲಿ ಯಾವುದು ಮೊದಲು ಮುಗಿಯುವುದೋ ಅದರೊಳಗೆ ದಾವೆ ಹೂಡಲು ಅವಕಾಶ ನೀಡಲಾಯಿತು. ಈ ರಿಯಾಯಿತಿ 1953ರ ಏಪ್ರಿಲ್ ಆರಂಭಕ್ಕೆ ಕೊನೆಗೊಂಡಿತು. ಪತ್ರಗಳ ತೇದಿಯನ್ನು ಗ್ರೆಗೋರಿಯನ್ ಪಂಚಾಂಗದಂತೆಯೇ ಎಣಿಸತಕ್ಕದ್ದೆಂದು 1908ರ ಅಧಿನಿಯಮದ 25ನೆಯ ಕಲಂ ವಿಧಿಸಿತ್ತು. ಆದಕಾರಣ ಫಸಲಿ 1358ರ ಒಂದು ಸಾಲಪತ್ರದ ಗಡುವನ್ನು ತಿಳಿಯಲು ಮೊದಲು ಅದರ ತೇದಿಯನ್ನು ಪರಿವರ್ತಿಸಬೇಕಾಗಿತ್ತು.

1908ರ ಅಧಿನಿಯಮದ ಪ್ರಕಾರ ಅಪಹೃತವಾದ ಚರಸ್ವತ್ತಿಗೆ ಮೂರು ವರ್ಷ, ಸ್ವಾಧೀನ ತಪ್ಪಿದ ಸ್ಥಿರಸ್ವತ್ತಿಗೆ ಹನ್ನೆರಡು ವರ್ಷ ಅವಧಿ. 1948ರ ಸೆಪ್ಟೆಂಬರಿನಲ್ಲಿ ಕಳೆದ ದನಕರು, ಧಾನ್ಯಗಳಿಗೆ ದಾವೆ 1951ರ ಸೆಪ್ಟೆಂಬರಿಗೆ, ಹೊಲಮನೆಗಳಿಗೆ 1960ರ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಅನಂತರ 28ನೆಯ ಕಲಮಿನಂತೆ ಸ್ವತ್ತಿನ ಹಕ್ಕೇ ನಶಿಸುತ್ತಿತ್ತು. ನ್ಯಾಯಾಲಯ ಮುಚ್ಚಿದ ದಿನ ಗಡುವು ಬಿದ್ದರೆ ತೆರೆದ ದಿನ ದಾವೆ ಹೂಡಬಹುದಾಗಿತ್ತು. ಆದರೆ ವಾದಿಯ ಭಯವಾಗಲಿ ವಲಸೆಯಾಗಲಿ ಕಳೆಯತಕ್ಕ ಕಾಲವೆನಿಸಲಿಲ್ಲ. ವಿಳಂಬವನ್ನು ಮನ್ನಿಸುವ 5ನೆಯ ಕಲಂ ಮೇಲ್ಮನವಿ ಮತ್ತು ಕೆಲವು ಅರ್ಜಿಗಳಿಗೆ ಸೀಮಿತವಾಗಿದ್ದು ಮೂಲ ದಾವೆಗೆ ಅನ್ವಯಿಸುತ್ತಿರಲಿಲ್ಲ.

ಅಪ್ರಾಪ್ತವಯಸ್ಕರ ಸ್ಥಿತಿ ಭಿನ್ನವಾಗಿತ್ತು. 1948ರಲ್ಲಿ ಎರಡು ವರ್ಷದವನಾಗಿದ್ದು ತಂದೆಯ ಹೊಲಕ್ಕೆ ಹಕ್ಕುದಾರನಾದ ಮಗನು ಹದಿನೆಂಟು ತುಂಬಿದ ಮೇಲೆ ಮೂರು ವರ್ಷ, ಅಂದರೆ 1967ರವರೆಗೆ, ದಾವೆ ಹೂಡಬಹುದಾಗಿತ್ತು. ಅವನ ವಿಧವೆ ತಾಯಿಗೆ ಸ್ವಂತ ಹಕ್ಕಿನ ಮಟ್ಟಿಗೆ ಇಂತಹ ರಕ್ಷಣೆ ಇರಲಿಲ್ಲ. ವಯಸ್ಸು ಮತ್ತು ಬುದ್ಧಿವಿಕಲತೆಗಳನ್ನು ಅಸಾಮರ್ಥ್ಯವೆಂದು ಗಣಿಸಿದ ಕಾನೂನು ವೈಧವ್ಯವನ್ನು, ಅನಕ್ಷರತೆಯನ್ನು, ಬಡತನವನ್ನು ಹಾಗೆ ಗಣಿಸಲಿಲ್ಲ.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಅಹಮದಪುರ, ನಿಲಂಗಾ, ಉದಗೀರ ಮುಂಬಯಿಗೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೂ, ಉಳಿದ ತಾಲ್ಲೂಕುಗಳು ಮೈಸೂರಿಗೂ ಸೇರಿದವು. ಉದಗೀರದಲ್ಲಿ ಹೊಲ, ಸಂತಪುರದಲ್ಲಿ ಮನೆ ಇದ್ದ ಕುಟುಂಬಕ್ಕೆ ಎರಡು ರಾಜ್ಯಗಳ ನ್ಯಾಯಾಲಯಗಳು ಎದುರಾದವು. ಅಧಿಕಾರವ್ಯಾಪ್ತಿಯಿಲ್ಲದ ನ್ಯಾಯಾಲಯದಲ್ಲಿ ಸದ್ಭಾವದಿಂದ, ತಕ್ಕ ಎಚ್ಚರದಿಂದ ಕಳೆದ ಕಾಲವನ್ನು ಬಿಟ್ಟುಕೊಡುವ 14ನೆಯ ಕಲಂ ಇಂತಹವರಿಗೆ ಆಸರೆಯಾಗಬಲ್ಲದಾಗಿತ್ತು. ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯ ಅವಧಿ ಮಾತ್ರ ತೊಂಬತ್ತು ದಿನಗಳಾಗಿಯೇ ಉಳಿಯಿತು. ಹತ್ತಿರದ ಹೈದರಾಬಾದಿಗೆ ಬದಲಾಗಿ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾಯಿತು. ಗುಲಬರ್ಗಾದಲ್ಲಿ ಸಂಚಾರಿ ಪೀಠ ಆರಂಭವಾದದ್ದು 2008ರ ಜುಲೈನಲ್ಲಿ. ಅದು ಖಾಯಂ ಪೀಠವಾದದ್ದು 2013ರಲ್ಲಿ.

1964ರ ಜನವರಿ 1ರಿಂದ ಜಾರಿಗೆ ಬಂದ 1963ರ ಅಧಿನಿಯಮವು ಅಡಮಾನ ವಿಮೋಚನೆಯ ಅವಧಿಯನ್ನು ಅರವತ್ತರಿಂದ ಮೂವತ್ತು ವರ್ಷಕ್ಕೆ ಇಳಿಸಿತು. ಇಂತಹ ಕಡಿತಗಳಿಗೆ ಮೊದಲು ಐದು ವರ್ಷ, 1969ರ ತಿದ್ದುಪಡಿಯಿಂದ ಏಳು ವರ್ಷ ರಿಯಾಯಿತಿ ದೊರೆಯಿತು. 1935ರಲ್ಲಿ ವಿಮೋಚನೆಯ ಹಕ್ಕು ಒದಗಿದ ಹೊಲವನ್ನು 1908ರ ಅಧಿನಿಯಮದಂತೆ 1995ರವರೆಗೆ ಬಿಡಿಸಿಕೊಳ್ಳಬಹುದಾಗಿದ್ದರೆ, ಈಗ 1970ರ ಕೊನೆಯೊಳಗೆ ದಾವೆ ಹೂಡಬೇಕಾಯಿತು.

ಕಾಲಪರಿಮಿತಿಗೆ ಸಮರ್ಥನೆ ಇಲ್ಲದಿಲ್ಲ. ಸಾಕ್ಷಿಗಳು ಗತಿಸುತ್ತಾರೆ, ಕಾಗದಪತ್ರಗಳು ಹಾಳಾಗುತ್ತವೆ, ದೀರ್ಘಕಾಲದ ಸ್ವಾಧೀನಕ್ಕೂ ನೆಮ್ಮದಿ ಬೇಕು. ಆದರೆ ಈ ಕಾನೂನುಗಳು ಅವಧಿಯ ಬದಲಾವಣೆಗೆ ರಿಯಾಯಿತಿ ನೀಡಿದವೇ ಹೊರತು ಭಾಷೆ, ಪಂಚಾಂಗ, ದೂರ, ಭೀತಿಗಳಿಂದ ಕಳೆದ ಕಾಲಕ್ಕೆ ನೀಡಲಿಲ್ಲ. ಸಂಶೋಧಕರಿಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಅವಧಿ ಮೀರಿತೆಂದು ವಜಾ ಆದ ದಾವೆಯಾದರೂ ಕಡತದಲ್ಲಿ ಒಂದು ಗುರುತು ಉಳಿಸುತ್ತದೆ. ಅವಧಿ ಮೀರಿತೆಂದು ವಕೀಲನೇ ತಿರುಗಿ ಕಳುಹಿಸಿದ ಕಕ್ಷಿದಾರನ ಅಳಲಿಗೆ ನ್ಯಾಯಾಲಯದಲ್ಲಿ ಯಾವ ಕಡತವೂ ಇಲ್ಲ. ಬೀದರ ಸೀಮೆಯ ಭೂಮಿಯ ಕೈಬದಲಾವಣೆಯನ್ನು ಬರಿಯ ದಾವೆಗಳ ಸಂಖ್ಯೆಯಿಂದ ಅಳೆಯುವುದು ಈ ಕಾರಣದಿಂದ ಸಲ್ಲದು. ಪಹಣಿ, ನೋಂದಣಿ ದಾಖಲೆ ಮತ್ತು ಮೌಖಿಕ ಹೇಳಿಕೆಗಳನ್ನು ನ್ಯಾಯಾಲಯದ ಕಡತಗಳೊಡನೆ ಹೋಲಿಸಿ ಓದಿದಾಗ ಮಾತ್ರ, ಗಡುವಿನ ಆಚೆ ಉಳಿದುಹೋದ ಹಕ್ಕುಗಳ ಪ್ರಮಾಣ ತಿಳಿದೀತು.