ಹೋಂಸ್ಟೇ ಮಾಲೀಕರು ಮತ್ತು ಅಂತರ್ಜಾಲ ಬುಕಿಂಗ್ ತಾಣಗಳ ಕರಾರು: ಗಮನಿಸಬೇಕಾದ ಷರತ್ತುಗಳು

1. ಪೀಠಿಕೆ

ಕೊಡಗು, ಚಿಕ್ಕಮಗಳೂರು ಹಾಗೂ ಹಾಸನ ಜಿಲ್ಲೆಯ ಸಕಲೇಶಪುರ ಭಾಗದಲ್ಲಿ ತೋಟದ ಮನೆಯ ಒಂದೆರಡು ಕೊಠಡಿಗಳನ್ನು ಪ್ರವಾಸಿಗರಿಗೆ ನೀಡುವ ಪದ್ಧತಿಯು ಬೆಳೆದು ಇಂದು ಅನೇಕ ಕುಟುಂಬಗಳ ಆದಾಯದ ಮುಖ್ಯ ಭಾಗವಾಗಿದೆ. 2000ನೇ ಇಸವಿಯ ಸುಮಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ಬೆಲೆಯು ತೀವ್ರವಾಗಿ ಕುಸಿದಾಗ ಹಲವು ಬೆಳೆಗಾರರು ಹೋಂಸ್ಟೇಯನ್ನು ಉಪಕಸುಬಾಗಿ ಕೈಗೊಂಡರು. ಆರಂಭದಲ್ಲಿ ಅತಿಥಿಗಳು ಪರಿಚಿತರ ಮೂಲಕ ಅಥವಾ ದೂರವಾಣಿಯ ಮೂಲಕ ಬರುತ್ತಿದ್ದರು. ಈಗ ಹೆಚ್ಚಿನ ಪ್ರವಾಸಿಗರು ಅಂತರ್ಜಾಲದ ಬುಕಿಂಗ್ ತಾಣಗಳಲ್ಲಿ ಹುಡುಕಿ ಕೊಠಡಿಯನ್ನು ಕಾಯ್ದಿರಿಸುತ್ತಾರೆ.

ಬುಕಿಂಗ್ ತಾಣದಿಂದ ಅಪರಿಚಿತ ಊರಿನ ಅತಿಥಿಯೂ ಮನೆ ಬಾಗಿಲಿಗೆ ಬರುವಂತಾಗಿದೆ. ಆದರೆ ಅದರೊಡನೆ ಮಾಡಿಕೊಳ್ಳುವ ಕರಾರು ದರ, ರದ್ದತಿ, ಪಾವತಿ ಮತ್ತು ಅತಿಥಿಯ ಸಂಪರ್ಕ ಈ ನಾಲ್ಕು ವಿಷಯಗಳಲ್ಲಿ ಮಾಲೀಕರ ಅಧಿಕಾರವನ್ನು ಮಿತಿಗೊಳಿಸುತ್ತದೆ. ಬಹಳಷ್ಟು ಮಾಲೀಕರು ಕಮಿಷನ್‌ನ ಶೇಕಡಾವಾರು ಪ್ರಮಾಣವನ್ನು ಮಾತ್ರ ನೋಡಿ ಒಪ್ಪಿಗೆ ನೀಡುತ್ತಾರೆ. ಕೊಠಡಿ ಕಟ್ಟಲು ಬ್ಯಾಂಕ್ ಸಾಲ ಪಡೆದ ಕುಟುಂಬಕ್ಕೆ ಮುಖ್ಯವಾದುದು ಕಮಿಷನ್ ದರವಲ್ಲ. ಪ್ರತಿ ಬುಕಿಂಗ್‌ನಿಂದ ಅಂತಿಮವಾಗಿ ಕೈಸೇರುವ ಮೊತ್ತ ಹಾಗೂ ಬುಕಿಂಗ್ ರದ್ದಾದಾಗ ನಷ್ಟವನ್ನು ಯಾರು ಹೊರುತ್ತಾರೆ ಎಂಬುದು. ಈ ಕುರಿತು ಮಾಲೀಕರ ತಿಳಿವಳಿಕೆಗಾಗಿ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಕರಾರಿನ ಎರಡು ಮಾದರಿಗಳು

ಬುಕಿಂಗ್ ತಾಣಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ವ್ಯವಹರಿಸುತ್ತವೆ.

ಅ) ತಾಣವೇ ಅತಿಥಿಯಿಂದ ಪೂರ್ಣ ಹಣವನ್ನು ಪಡೆದು, ತನ್ನ ಕಮಿಷನ್ ಕಳೆದು, ಉಳಿದ ಹಣವನ್ನು ಮಾಲೀಕರ ಬ್ಯಾಂಕ್ ಖಾತೆಗೆ ಜಮಾ ಮಾಡುವುದು.

ಆ) ಅತಿಥಿಯು ಹೋಂಸ್ಟೇಯಲ್ಲಿಯೇ ಹಣ ಪಾವತಿಸುವುದು, ತಾಣವು ತಿಂಗಳ ಕೊನೆಯಲ್ಲಿ ಕಮಿಷನ್‌ನ ಬಿಲ್ಲನ್ನು ಮಾಲೀಕರಿಗೆ ಕಳುಹಿಸುವುದು.

ಮೊದಲನೆಯ ಮಾದರಿಯಲ್ಲಿ ಅತಿಥಿ ಬಾರದಿದ್ದರೂ ಹಣ ಈಗಾಗಲೇ ಸಂಗ್ರಹವಾಗಿರುತ್ತದೆ, ಆದರೆ ಅದು ತಾಣದ ಕೈಯಲ್ಲಿರುತ್ತದೆ. ಎರಡನೆಯ ಮಾದರಿಯಲ್ಲಿ ಹಣ ನೇರವಾಗಿ ಮಾಲೀಕರಿಗೆ ಬರುತ್ತದೆ, ಆದರೆ ಮುಂಗಡವಿಲ್ಲದ ಅತಿಥಿ ಕೊನೆಯ ಗಳಿಗೆಯಲ್ಲಿ ಬಾರದಿದ್ದರೆ ಕೊಠಡಿ ಖಾಲಿ ಉಳಿಯುತ್ತದೆ. ತಮ್ಮ ಕರಾರು ಯಾವ ಮಾದರಿಯದು ಎಂಬುದನ್ನು ಮಾಲೀಕರು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

3. ಕಮಿಷನ್ ಮತ್ತು ಕೈಸೇರುವ ಮೊತ್ತ

ಕಮಿಷನ್ ದರವು ತಾಣದಿಂದ ತಾಣಕ್ಕೆ ಬೇರೆಯಾಗಿರುತ್ತದೆ. ಕಮಿಷನ್ ಮೊತ್ತದ ಮೇಲೆ ಶೇ. 18 ರ ದರದಲ್ಲಿ ಸರಕು ಮತ್ತು ಸೇವಾ ತೆರಿಗೆಯನ್ನು ಪ್ರತ್ಯೇಕವಾಗಿ ವಿಧಿಸಲಾಗುತ್ತದೆ. ಇದಲ್ಲದೆ ತಾಣದ ರಿಯಾಯಿತಿ ಯೋಜನೆಗೆ ಮಾಲೀಕರು ಸೇರಿದ್ದಲ್ಲಿ, ಆ ರಿಯಾಯಿತಿಯ ಹೊರೆಯೂ ಬಹುತೇಕ ಮಾಲೀಕರದ್ದೇ ಆಗಿರುತ್ತದೆ. ಕೆಳಗಿನ ಲೆಕ್ಕವು ಉದಾಹರಣೆಗಾಗಿ ಮಾತ್ರ.

ದಿನಕ್ಕೆ ರೂ. 4,000 ದರದ ಕೊಠಡಿಗೆ ಎರಡು ರಾತ್ರಿಯ ಬಾಡಿಗೆ: ರೂ. 8,000
ಶೇ. 10 ರಿಯಾಯಿತಿ ಕಳೆದು: ರೂ. 7,200
ಶೇ. 18 ಕಮಿಷನ್: ರೂ. 1,296
ಕಮಿಷನ್ ಮೇಲಿನ ತೆರಿಗೆ: ರೂ. 233.28
ಮಾಲೀಕರಿಗೆ ಸಲ್ಲುವ ಮೊತ್ತ: ರೂ. 5,670.72

ಇದೇ ಕೊಠಡಿಯನ್ನು ರಿಯಾಯಿತಿಯಿಲ್ಲದೆ ಶೇ. 15 ಕಮಿಷನ್ ಮೇಲೆ ನೀಡಿದರೆ ಕಮಿಷನ್ ರೂ. 1,200 ಮತ್ತು ಅದರ ತೆರಿಗೆ ರೂ. 216 ಕಳೆದು ರೂ. 6,584 ಉಳಿಯುತ್ತದೆ. ಕಮಿಷನ್ ದರಗಳ ನಡುವಿನ ವ್ಯತ್ಯಾಸ ಶೇ. 3 ಮಾತ್ರ, ಆದರೆ ಕೈಸೇರುವ ಮೊತ್ತದಲ್ಲಿ ರೂ. 913.28 ವ್ಯತ್ಯಾಸವಾಗುತ್ತದೆ. ಆದುದರಿಂದ ರಿಯಾಯಿತಿ ಯೋಜನೆಗೆ ಸೇರುವುದು ಐಚ್ಛಿಕವೇ, ಒಮ್ಮೆ ಸೇರಿದರೆ ಯಾವಾಗ ಹೊರಬರಬಹುದು ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳುವುದು ಅವಶ್ಯ.

ಮಲೆನಾಡಿನ ಅನೇಕ ಹೋಂಸ್ಟೇಗಳಲ್ಲಿ ಊಟ ಉಪಾಹಾರ ಸೇರಿ ತಲೆಯೊಂದಕ್ಕೆ ಇಷ್ಟು ಎಂದು ದರ ನಿಗದಿಪಡಿಸುವ ರೂಢಿಯಿದೆ. ಬುಕಿಂಗ್ ತಾಣಗಳು ಸಾಮಾನ್ಯವಾಗಿ ಕೊಠಡಿಗೆ ದರ ತೋರಿಸುತ್ತವೆ. ಊಟವನ್ನೂ ಕೊಠಡಿ ದರದಲ್ಲಿ ಸೇರಿಸಿದರೆ ಅಕ್ಕಿ, ತರಕಾರಿ, ಅಡುಗೆಯವರ ಕೂಲಿಯ ಮೇಲೂ ಕಮಿಷನ್ ತೆತ್ತಂತಾಗುತ್ತದೆ. ಬೆಳಗಿನ ಉಪಾಹಾರವನ್ನು ಮಾತ್ರ ಸೇರಿಸಿ ಊಟದ ದರವನ್ನು ಪ್ರತ್ಯೇಕವಾಗಿ ಪ್ರಕಟಿಸಲು ಕರಾರಿನಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಬಹುದು.

4. ಯಾವ ದಿನಗಳಿಗೆ ತಾಣ, ಯಾವ ದಿನಗಳಿಗೆ ನೇರ ಬುಕಿಂಗ್

ಮೇಲಿನ ಉದಾಹರಣೆಯಲ್ಲಿ ಎರಡು ರಾತ್ರಿಗೆ ಊಟ, ಬಟ್ಟೆ ಒಗೆತ, ಕೆಲಸದವರ ಕೂಲಿ ಸೇರಿ ರೂ. 1,500 ಖರ್ಚಾಗುವುದೆಂದು ಭಾವಿಸೋಣ. ವಾರದ ನಡುವೆ ಖಾಲಿ ಉಳಿಯಬಹುದಾಗಿದ್ದ ಕೊಠಡಿಗೆ ತಾಣದ ಮೂಲಕ ಅತಿಥಿ ಬಂದರೆ, ಕಮಿಷನ್ ಕಳೆದೂ ರೂ. 4,170.72 ಉಳಿಯುತ್ತದೆ. ಆ ದಿನ ತಾಣವಿಲ್ಲದಿದ್ದರೆ ಏನೂ ಬರುತ್ತಿರಲಿಲ್ಲ. ಆದರೆ ಸರಣಿ ರಜೆ ಅಥವಾ ಡಿಸೆಂಬರ್ ಕೊನೆಯ ವಾರದಲ್ಲಿ ಹಳೆಯ ಅತಿಥಿಗಳೇ ಪೂರ್ಣ ದರ ಕೊಟ್ಟು ಬರುವಂತಿದ್ದರೆ, ಅದೇ ಕೊಠಡಿಯನ್ನು ತಾಣಕ್ಕೆ ಬಿಟ್ಟುಕೊಟ್ಟಾಗ ರೂ. 2,329.28 ನಷ್ಟವಾಗುತ್ತದೆ.

ಆದುದರಿಂದ ಎಲ್ಲಾ ಕೊಠಡಿಗಳನ್ನು ಎಲ್ಲಾ ದಿನಗಳಿಗೂ ಒಂದೇ ತಾಣಕ್ಕೆ ಒಪ್ಪಿಸುವುದಕ್ಕಿಂತ, ಬೇಡಿಕೆ ಕಡಿಮೆ ಇರುವ ದಿನಗಳನ್ನು ತಾಣಕ್ಕೂ, ಬೇಡಿಕೆ ಹೆಚ್ಚಿರುವ ದಿನಗಳ ಕೆಲವು ಕೊಠಡಿಗಳನ್ನು ನೇರ ಬುಕಿಂಗ್‌ಗೂ ಮೀಸಲಿಡುವುದು ಲಾಭದಾಯಕ. ಇದು ಸಾಧ್ಯವೇ ಎಂಬುದು ಮುಂದಿನ ಷರತ್ತನ್ನು ಅವಲಂಬಿಸಿದೆ.

5. ದರ ಮತ್ತು ಕೊಠಡಿ ಲಭ್ಯತೆಯ ಸಮಾನತಾ ಷರತ್ತು

ಮಾಲೀಕರು ಬೇರೆ ತಾಣದಲ್ಲಿ ಅಥವಾ ನೇರವಾಗಿ ಇದಕ್ಕಿಂತ ಕಡಿಮೆ ದರಕ್ಕೆ ಕೊಠಡಿ ನೀಡಕೂಡದು, ಇತರ ಮಾರ್ಗಗಳಲ್ಲಿ ಕೊಠಡಿ ಲಭ್ಯವಿರುವಾಗ ಈ ತಾಣದಲ್ಲಿ ಲಭ್ಯವಿಲ್ಲವೆಂದು ತೋರಿಸಕೂಡದು ಎಂಬ ಷರತ್ತಿಗೆ ಸಮಾನತಾ ಷರತ್ತು ಎನ್ನಲಾಗುತ್ತದೆ. ಈ ವಿಷಯವಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 19 ರಂದು ಮಹತ್ವದ ಆದೇಶ ನೀಡಿತು. ಮೇಕ್‌ಮೈಟ್ರಿಪ್–ಗೋಐಬಿಬೊ ಸಂಸ್ಥೆಗೆ ರೂ. 223.48 ಕೋಟಿ ಹಾಗೂ ಓಯೋ ಸಂಸ್ಥೆಗೆ ರೂ. 168.88 ಕೋಟಿ ದಂಡ ವಿಧಿಸಿದ ಆಯೋಗವು, ಹೋಟೆಲುಗಳೊಂದಿಗಿನ ಕರಾರಿನಿಂದ ದರ ಮತ್ತು ಕೊಠಡಿ ಲಭ್ಯತೆಯ ಸಮಾನತಾ ಷರತ್ತುಗಳನ್ನು ತೆಗೆದುಹಾಕುವಂತೆ ಮೇಕ್‌ಮೈಟ್ರಿಪ್–ಗೋಐಬಿಬೊಗೆ ನಿರ್ದೇಶಿಸಿತು. ಈ ಆದೇಶವನ್ನು ಸಂಸ್ಥೆಗಳು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದವು. ಯುರೋಪಿನಲ್ಲಿ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಕಾರಣದಿಂದ ಬುಕಿಂಗ್ ಡಾಟ್ ಕಾಮ್ ಸಂಸ್ಥೆಯು 2024ರಲ್ಲಿ ಇಂತಹ ಷರತ್ತನ್ನು ಕೈಬಿಟ್ಟಿತು.

ಮೇಲಿನ ಆದೇಶವು ನಿರ್ದಿಷ್ಟ ಸಂಸ್ಥೆಗಳಿಗೆ ಸಂಬಂಧಿಸಿದುದು. ಎಲ್ಲಾ ತಾಣಗಳ ಎಲ್ಲಾ ಕರಾರುಗಳಿಂದ ಈ ಷರತ್ತು ತಾನಾಗಿಯೇ ಹೊರಟುಹೋಗಿದೆ ಎಂದು ಮಾಲೀಕರು ಭಾವಿಸಕೂಡದು. ತಮ್ಮ ಕರಾರಿನ ಪ್ರತಿಯಲ್ಲಿ ಇದು ಇದೆಯೇ ಎಂದು ಓದಿ ನೋಡತಕ್ಕದ್ದು. ಷರತ್ತು ಇಲ್ಲದಿದ್ದರೂ ದರ ಹೆಚ್ಚಿಸಿದ ಅಥವಾ ರಿಯಾಯಿತಿಗೆ ಸೇರದ ಹೋಂಸ್ಟೇಯ ಹೆಸರು ಹುಡುಕಾಟದ ಪಟ್ಟಿಯಲ್ಲಿ ಕೆಳಗೆ ಹೋಗುವ ಸಾಧ್ಯತೆಯಿರುತ್ತದೆ. ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, 2020 ರ ಪ್ರಕಾರ, ಒಂದೇ ವರ್ಗದ ಮಾರಾಟಗಾರರ ನಡುವೆ ಭೇದದ ಉಪಚಾರವಿದ್ದಲ್ಲಿ ಅದನ್ನು ಮಾರುಕಟ್ಟೆ ತಾಣವು ತನ್ನ ಷರತ್ತುಗಳಲ್ಲಿ ವಿವರಿಸಬೇಕು. ಪಟ್ಟಿಯ ಕ್ರಮವನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನು ಸರಳ ಭಾಷೆಯಲ್ಲಿ ತಿಳಿಸಬೇಕು. ಮಾಲೀಕರು ಈ ವಿವರಣೆಯನ್ನು ಕೇಳಬಹುದು.

6. ರದ್ದತಿ ಮತ್ತು ಹಣ ವಾಪಸಾತಿ

ಕರಾರಿನಲ್ಲಿ ಅತಿ ಹೆಚ್ಚು ಎಚ್ಚರಿಕೆಯಿಂದ ಓದಬೇಕಾದ ಭಾಗವಿದು. ಮಾಲೀಕರು ತಾವೇ ಆಯ್ದ ರದ್ದತಿ ನಿಯಮವನ್ನು ವಿಶೇಷ ಸಂದರ್ಭಗಳಲ್ಲಿ ಬದಿಗೊತ್ತಿ ಅತಿಥಿಗೆ ಪೂರ್ಣ ಹಣ ಹಿಂದಿರುಗಿಸುವ ಅಧಿಕಾರವನ್ನು ಹಲವು ತಾಣಗಳು ತಮ್ಮಲ್ಲಿ ಇರಿಸಿಕೊಂಡಿರುತ್ತವೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಏರ್‌ಬಿಎನ್‌ಬಿ ಸಂಸ್ಥೆಯು ಮಾಲೀಕರ ರದ್ದತಿ ನಿಯಮ ಏನೇ ಇದ್ದರೂ ಅತಿಥಿಗಳಿಗೆ ಪೂರ್ಣ ಹಣ ವಾಪಸು ನೀಡಲು ತೀರ್ಮಾನಿಸಿತು. ಮಾಲೀಕರ ಆಕ್ಷೇಪಣೆಯ ನಂತರ ಅದೇ ತಿಂಗಳ ಕೊನೆಯಲ್ಲಿ 25 ಕೋಟಿ ಡಾಲರ್‌ಗಳ ನಿಧಿಯನ್ನು ಘೋಷಿಸಿ, ರದ್ದತಿ ನಿಯಮದಂತೆ ಮಾಲೀಕರಿಗೆ ಸಲ್ಲಬೇಕಾಗಿದ್ದ ಮೊತ್ತದ ಶೇ. 25 ಭಾಗವನ್ನು ನೀಡುವುದಾಗಿ ತಿಳಿಸಿತು. ಉಳಿದ ಭಾಗವು ಮಾಲೀಕರ ನಷ್ಟವಾಯಿತು.

ಮಳೆಗಾಲದಲ್ಲಿ ರಸ್ತೆ ಕಡಿತಗೊಳ್ಳುವ ಮಲೆನಾಡಿಗೆ ಈ ವಿಷಯ ದೂರದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತ ಸಂಭವಿಸಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದಾಗ ಪ್ರವಾಸಿಗರ ಬರುವಿಕೆ ಸ್ಥಗಿತಗೊಂಡಿತ್ತು. ಇಂತಹ ಸಂದರ್ಭದಲ್ಲಿ ಅತಿಥಿಗೆ ಹಣ ಹಿಂದಿರುಗಿಸುವುದು ನ್ಯಾಯವೇ ಸರಿ. ಆದರೆ ಮಾಲೀಕರು ಕೆಳಗಿನ ಅಂಶಗಳನ್ನು ಮೊದಲೇ ತಿಳಿದಿರಬೇಕು.

ಅ) ಪ್ರಕೃತಿ ವಿಕೋಪದ ವ್ಯಾಖ್ಯೆ ಏನು, ಅದನ್ನು ನಿರ್ಧರಿಸುವವರು ಯಾರು.
ಆ) ಹಣ ವಾಪಸಾದಾಗ ತಾಣವು ತನ್ನ ಕಮಿಷನ್ ಅನ್ನು ಬಿಟ್ಟುಕೊಡುತ್ತದೆಯೇ.
ಇ) ರಸ್ತೆ ಬಂದ್ ಆಗಿ ಮಾಲೀಕರೇ ರದ್ದು ಮಾಡಬೇಕಾದರೆ ದಂಡ ಬೀಳುತ್ತದೆಯೇ.
ಈ) ವಾಪಸಿಗೆ ಬದಲಾಗಿ ಬೇರೆ ದಿನಾಂಕ ನೀಡಲು ಅವಕಾಶವಿದೆಯೇ.

ಒಂದಕ್ಕಿಂತ ಹೆಚ್ಚು ತಾಣಗಳಲ್ಲಿ ಹೆಸರು ನೋಂದಾಯಿಸಿದವರು ಒಂದೇ ಕೊಠಡಿ ಇಬ್ಬರಿಗೆ ಬುಕ್ ಆಗದಂತೆ ಎಚ್ಚರ ವಹಿಸತಕ್ಕದ್ದು. ಮೊಬೈಲ್ ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಈ ತೊಂದರೆ ಹೆಚ್ಚು. ಒಂದು ಬುಕಿಂಗ್ ಖಚಿತವಾದ ಕೂಡಲೇ ಉಳಿದ ತಾಣಗಳಲ್ಲಿ ಆ ದಿನಾಂಕವನ್ನು ಮುಚ್ಚಬೇಕು.

7. ಪಾವತಿಯ ಅವಧಿ, ಅತಿಥಿಯ ಸಂಪರ್ಕ ಮತ್ತು ಕರಾರಿನ ಬದಲಾವಣೆ

ಹಣವು ಅತಿಥಿ ಬಂದ ಮೇಲೆ ಜಮಾ ಆಗುವುದೋ, ಹೊರಟ ಮೇಲೋ, ಎಷ್ಟು ದಿನಗಳಲ್ಲಿ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಅತಿಥಿಯ ದೂರವಾಣಿ ಸಂಖ್ಯೆಯನ್ನು ಕೆಲವು ತಾಣಗಳು ಬುಕಿಂಗ್ ಖಚಿತವಾಗುವವರೆಗೆ ಮರೆಮಾಡುತ್ತವೆ. ಅತಿಥಿಗಳ ಅಭಿಪ್ರಾಯ ಹಾಗೂ ಅಂಕಗಳು ತಾಣದಲ್ಲೇ ಉಳಿಯುತ್ತವೆ; ಮಾಲೀಕರು ತಾಣವನ್ನು ಬಿಟ್ಟರೆ ವರ್ಷಗಳಿಂದ ಗಳಿಸಿದ ಹೆಸರು ಅವರೊಡನೆ ಬರುವುದಿಲ್ಲ. ಒಂದೇ ತಾಣವನ್ನು ನೆಚ್ಚಿಕೊಳ್ಳಬಾರದೆಂಬುದಕ್ಕೆ ಇದು ಮುಖ್ಯ ಕಾರಣ.

ಷರತ್ತುಗಳನ್ನು ತಾಣವು ಏಕಪಕ್ಷೀಯವಾಗಿ ಬದಲಾಯಿಸಬಹುದೇ, ಎಷ್ಟು ದಿನಗಳ ಸೂಚನೆ ನೀಡಬೇಕು, ಈಗಾಗಲೇ ಆದ ಬುಕಿಂಗ್‌ಗಳಿಗೆ ಯಾವ ಷರತ್ತು ಅನ್ವಯವಾಗುತ್ತದೆ ಎಂಬುದನ್ನು ಗಮನಿಸಬೇಕು. ವ್ಯಾಜ್ಯ ಬಂದಲ್ಲಿ ಯಾವ ಊರಿನ ನ್ಯಾಯಾಲಯ ಅಥವಾ ಮಧ್ಯಸ್ಥಿಕೆ ಎಂಬ ಷರತ್ತೂ ಅಷ್ಟೇ ಮುಖ್ಯ. ಕೆಲವು ಸಾವಿರ ರೂಪಾಯಿಗಳ ಬಾಕಿಗಾಗಿ ಬೇರೆ ರಾಜ್ಯದ ನಗರಕ್ಕೆ ಅಲೆಯುವುದು ಸಣ್ಣ ಮಾಲೀಕರಿಗೆ ಸಾಧ್ಯವಾಗದು.

8. ತೆರಿಗೆ

ಅ) ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದೆ, ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿಗೆ ಬಾಧ್ಯರಲ್ಲದ ಮಾಲೀಕರು ತಾಣದ ಮೂಲಕ ನೀಡುವ ವಸತಿ ಸೇವೆಗೆ, ಅಧಿನಿಯಮದ 9(5)ನೇ ಕಲಂ ಅನ್ವಯ ತಾಣವೇ ತೆರಿಗೆ ಪಾವತಿಸತಕ್ಕದ್ದು. ನೋಂದಾಯಿತ ಮಾಲೀಕರು ತಾವೇ ಪಾವತಿಸತಕ್ಕದ್ದು.

ಆ) 2025ರ ಸೆಪ್ಟೆಂಬರ್ 22 ರಿಂದ, ದಿನಕ್ಕೆ ರೂ. 7,500 ವರೆಗಿನ ಕೊಠಡಿಗೆ ತೆರಿಗೆ ದರವನ್ನು ಶೇ. 12 ರಿಂದ ಶೇ. 5 ಕ್ಕೆ ಇಳಿಸಲಾಯಿತು. ಇದಕ್ಕೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಆದುದರಿಂದ ಕಮಿಷನ್ ಮೇಲೆ ತೆತ್ತ ತೆರಿಗೆಯು ಇಂತಹ ಕೊಠಡಿಗಳಿಗೆ ನೋಂದಾಯಿತ ಮಾಲೀಕರಿಗೂ ವೆಚ್ಚವೇ ಆಗುತ್ತದೆ.

ಇ) ತಾಣವು ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುವ ಪದ್ಧತಿ 2020ರ ಅಕ್ಟೋಬರ್ 1 ರಿಂದ ಜಾರಿಗೆ ಬಂದಿತು. ಆಗ ಶೇ. 1 ಇದ್ದ ದರವನ್ನು 2024ರ ಅಕ್ಟೋಬರ್ 1 ರಿಂದ ಶೇ. 0.1 ಕ್ಕೆ ಇಳಿಸಲಾಯಿತು. ಕಡಿತವಾದ ಮೊತ್ತವು ನಷ್ಟವಲ್ಲ. ವಾರ್ಷಿಕ ವಿವರಪಟ್ಟಿ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

9. ಮಾಲೀಕರ ಸ್ವಂತ ಹೊಣೆ

ಬುಕಿಂಗ್ ತಾಣದಲ್ಲಿ ಹೆಸರು ಇರುವುದು ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಬದಲಿಯಲ್ಲ. ಅತಿಥಿಗಳ ಗುರುತಿನ ದಾಖಲೆ ಪಡೆದು ವಹಿಯಲ್ಲಿ ನಮೂದಿಸುವುದು ಮಾಲೀಕರ ಕರ್ತವ್ಯ. ವಿದೇಶಿ ಅತಿಥಿ ತಂಗಿದಲ್ಲಿ, ‘ಸಿ’ ನಮೂನೆ ಎಂದು ಬಹುಕಾಲದಿಂದ ಪರಿಚಿತವಾಗಿರುವ ಮಾಹಿತಿಯನ್ನು 24 ಗಂಟೆಗಳೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸತಕ್ಕದ್ದು. ಕೊಠಡಿ, ಸ್ನಾನಗೃಹ, ದಾರಿ ಮತ್ತು ಸೌಲಭ್ಯಗಳ ಬಗ್ಗೆ ತಾಣದಲ್ಲಿ ಇದ್ದುದನ್ನು ಇದ್ದಂತೆಯೇ ಪ್ರಕಟಿಸಬೇಕು. ಪ್ರಕಟಿಸಿದಂತೆ ಸೇವೆ ಇಲ್ಲದಿದ್ದಲ್ಲಿ 2020ರ ನಿಯಮಗಳ ಪ್ರಕಾರ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ.

10. ಒಪ್ಪಿಗೆ ನೀಡುವ ಮುನ್ನ

• ಕರಾರಿನ ಪೂರ್ಣ ಪ್ರತಿಯನ್ನು ಪಡೆದು ಮುದ್ರಿಸಿ ಇಟ್ಟುಕೊಳ್ಳಿರಿ. ತಾಣ ಮತ್ತು ಮಾರಾಟಗಾರರ ನಡುವೆ ಲಿಖಿತ ಕರಾರು ಇರಬೇಕೆಂದು 2020ರ ನಿಯಮಗಳು ಹೇಳುತ್ತವೆ.
• ಪ್ರತಿನಿಧಿಯು ದೂರವಾಣಿಯಲ್ಲಿ ನೀಡಿದ ಭರವಸೆಯನ್ನು ಇ-ಮೇಲ್ ಮೂಲಕ ದೃಢಪಡಿಸಿಕೊಳ್ಳಿರಿ.
• ಒಂದು ಬುಕಿಂಗ್‌ನಿಂದ ಕೈಸೇರುವ ಮೊತ್ತವನ್ನು ಪ್ರತಿ ತಾಣಕ್ಕೂ ಬೇರೆ ಬೇರೆಯಾಗಿ ಲೆಕ್ಕಹಾಕಿರಿ.
• ಮೊದಲು ಒಂದು ಕೊಠಡಿಯನ್ನು ಮಾತ್ರ ಒಂದು ಹಂಗಾಮಿಗೆ ನೀಡಿ ಪರೀಕ್ಷಿಸಿರಿ.
• ಹಳೆಯ ಅತಿಥಿಗಳ ವಿವರವನ್ನು, ಅವರ ಒಪ್ಪಿಗೆಯೊಂದಿಗೆ, ಸ್ವಂತ ವಹಿಯಲ್ಲಿ ಇಟ್ಟುಕೊಳ್ಳಿರಿ.

11. ಉಪಸಂಹಾರ

ಬುಕಿಂಗ್ ತಾಣಗಳನ್ನು ಸಂಪೂರ್ಣವಾಗಿ ದೂರವಿಡುವುದಾಗಲಿ, ಸಂಪೂರ್ಣವಾಗಿ ಅವುಗಳ ಮೇಲೆ ಅವಲಂಬಿಸುವುದಾಗಲಿ ಸಣ್ಣ ಮಾಲೀಕರಿಗೆ ಹಿತವಲ್ಲ. ಖಾಲಿ ಕೊಠಡಿಗೆ ಅತಿಥಿಯನ್ನು ತರುವ ಮಟ್ಟಿಗೆ ತಾಣವು ಉಪಯುಕ್ತ ಸಾಧನ. ಆದರೆ ಮನೆಯ ದರ, ದಿನ ಮತ್ತು ಅತಿಥಿಯೊಂದಿಗಿನ ಸಂಬಂಧವನ್ನು ನಿರ್ಧರಿಸುವ ಅಧಿಕಾರ ಸಾಧ್ಯವಾದಷ್ಟೂ ಮಾಲೀಕರಲ್ಲಿಯೇ ಉಳಿಯಬೇಕು. ಅದಕ್ಕಿರುವ ಸರಿಯಾದ ಸಮಯ ಕರಾರಿಗೆ ಒಪ್ಪಿಗೆ ನೀಡುವ ಮುನ್ನವೇ ಹೊರತು ನಂತರವಲ್ಲ.

ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಅಥವಾ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಸೂಕ್ತ. ಹೋಂಸ್ಟೇ ನೋಂದಣಿಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.